ಆ ‘ಆದ್ದರಿಂದ’ ತೆಗೆಯಿರಿ

ನಮಸ್ಕಾರ.

ಸ್ತನ ಕ್ಯಾನ್ಸರ್ ಗಡ್ಡೆಯ ಸುತ್ತ ಇರುವ ಕೊಬ್ಬಿಗೂ ರೋಗಿಯ ಮುಂದಿನ ಆರೋಗ್ಯಕ್ಕೂ ಏನು ಸಂಬಂಧ ಅಂತ ನೀವು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು, ಭಾಷೆ ಸರಾಗವಾಗಿದೆ. ಶುರುವಿನ ಇತಿಹಾಸದ ಭಾಗವೂ ಇರಲಿ. ಆದರೆ ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು. ಈಗಲೂ ಪೂರ್ತಿ ಇಳಿದಿಲ್ಲ.

ಅಲ್ಲಿ ನೀವು ಬರೆದಿರುವುದು ಹೀಗೆ: “ದಪ್ಪಗಿರುವ ಹೆಂಗಸರಲ್ಲಿ ಗಡ್ಡೆಯ ಸುತ್ತ ಕೊಬ್ಬು ಜಾಸ್ತಿ ಇರುತ್ತದೆ. ಆದ್ದರಿಂದ ಅವರು ಬೇಗ ಸಾಯುತ್ತಾರೆ.”

ಮೊದಲ ವಾಕ್ಯದಲ್ಲಿ ‘ಕೊಬ್ಬು’ ಅನ್ನುವ ಒಂದೇ ಪದವನ್ನು ಎರಡು ಅರ್ಥಕ್ಕೆ ದುಡಿಸಿದ್ದೀರಿ. ತಕ್ಕಡಿ ಮೇಲೆ ನಿಂತಾಗ ಗೊತ್ತಾಗುವುದು ಒಂದು. ಗಡ್ಡೆಗೆ ಅಂಟಿಕೊಂಡಿರುವುದು ಇನ್ನೊಂದು. ಸಣ್ಣಗಿರಲಿ, ದಪ್ಪಗಿರಲಿ, ಸ್ತನದಲ್ಲಿ ಕೊಬ್ಬು ಇದ್ದೇ ಇರುತ್ತದೆ. ಮುಟ್ಟು ನಿಂತ ಮೇಲೆ ಹಾಲಿನ ಗ್ರಂಥಿಗಳು ಕುಗ್ಗುತ್ತವೆ, ಆ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ತೂಕ ಸರಿಯಾಗಿಯೇ ಇರುವ ಕೆಲವರ ಸ್ತನದ ಕೊಬ್ಬಿನಲ್ಲೂ ಉರಿಯೂತ ಕಂಡುಬಂದಿದೆ. ತೂಕ ಜಾಸ್ತಿ ಇದ್ದವರಲ್ಲಿ ಅದು ಇನ್ನೂ ಹೆಚ್ಚು, ನಿಜ. ಆದರೆ ಕೊಬ್ಬು ಎಷ್ಟಿದೆ ಅನ್ನುವುದು ಒಂದು ಪ್ರಶ್ನೆ, ಅದು ಯಾವ ಸ್ಥಿತಿಯಲ್ಲಿದೆ ಅನ್ನುವುದು ಬೇರೆಯೇ ಪ್ರಶ್ನೆ. ನಿಮ್ಮ ಲೇಖನದ ತಲೆಬರಹ ಹೇಳುತ್ತಿರುವುದು ಎರಡನೆಯದನ್ನು. ಒಳಗೆ ಇರುವುದೆಲ್ಲ ಮೊದಲನೆಯದು.

ಇನ್ನು ‘ಆದ್ದರಿಂದ’. ನನ್ನ ಸಿಟ್ಟೆಲ್ಲ ಈ ಪದದ ಮೇಲೆ. ಇದಕ್ಕೆ ಆಧಾರವಾಗಿ 2014ರ ಒಂದು ವಿಶ್ಲೇಷಣೆ ಕೊಟ್ಟಿದ್ದೀರಿ. 82 ಅಧ್ಯಯನಗಳು, 2 ಲಕ್ಷಕ್ಕೂ ಹೆಚ್ಚು ಹೆಂಗಸರು. ಕ್ಯಾನ್ಸರ್ ಪತ್ತೆಯಾಗುವ ಮುಂಚೆಯೇ ಬೊಜ್ಜಿದ್ದವರಿಗೆ ಸಾವಿನ ಅಪಾಯ ಸರಿತೂಕದವರಿಗಿಂತ ಶೇ. 41ರಷ್ಟು ಹೆಚ್ಚು. ಅಂಕಿ ಸರಿಯಾಗಿದೆ. ಆದರೆ ಅದು ಎಲ್ಲ ಕಾರಣಗಳಿಂದ ಆದ ಸಾವು, ಹೃದಯದ ಕಾಯಿಲೆಯೂ ಅದರಲ್ಲೇ ಸೇರಿದೆ. ಸ್ತನ ಕ್ಯಾನ್ಸರಿನಿಂದಲೇ ಆದ ಸಾವಿಗೆ ಅಲ್ಲೇ ಬೇರೆ ಅಂಕಿ ಇದೆ, ಶೇ. 35. ಅದನ್ನು ನೀವು ಬಿಟ್ಟಿದ್ದೀರಿ. ನೂರು ಜನರಲ್ಲಿ 41 ಜನ ಸಾಯುತ್ತಾರೆ ಅಂತಲೂ ಅದರ ಅರ್ಥವಲ್ಲ. ನಿಮ್ಮ ವಾಕ್ಯ ಓದಿದರೆ ಹಾಗೇ ಅನಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಹೋಲಿಸಿದ್ದು ಎತ್ತರಕ್ಕೆ ತಕ್ಕ ತೂಕವನ್ನು. ಗಡ್ಡೆಯ ಪಕ್ಕದ ಕೊಬ್ಬನ್ನಲ್ಲ. ಆ ಅಂಕಿಯಿಂದ ಈ ಕೊಬ್ಬಿಗೆ ಹಾರಲು ‘ಆದ್ದರಿಂದ’ ಸಾಕಾಗುವುದಿಲ್ಲ.

ಬಯಾಪ್ಸಿ ರಿಪೋರ್ಟ್ ಕೈಯಲ್ಲಿ ಹಿಡಿದು, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಈ ಸಾಲು ಓದುವವರು ಇರುತ್ತಾರೆ. ನಿಮ್ಮ ‘ಆದ್ದರಿಂದ’ ಅವರ ಕಿವಿಗೆ ‘ನೀನೇ ತಂದುಕೊಂಡೆ’ ಅಂತ ಕೇಳಿಸುತ್ತದೆ. ನೀವು ಹಾಗೆ ಹೇಳಲು ಹೊರಟವರಲ್ಲ ಅಂತ ನನಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು?

ಐದನೇ ಪ್ಯಾರಾದಲ್ಲಿ ಇನ್ನೊಂದು ಸಾಲಿದೆ. “ಕೊಬ್ಬಿನ ಕೋಶ ಅಂದರೆ ಎಣ್ಣೆ ತುಂಬಿದ ಚೀಲ, ಅಷ್ಟೇ.” ಇದನ್ನು ಓದಿ ನನ್ನ ಮೊದಲ ವರ್ಷ ನೆನಪಾಯಿತು. ಸ್ಲೈಡಿನ ಫೋಟೋ ಒಂದಕ್ಕೆ ಅಡಿಬರಹ ಬರೆಯಲು ಕೊಟ್ಟಿದ್ದರು. ‘ಒಂದು ಬದಿ ಗಡ್ಡೆ, ಇನ್ನೊಂದು ಬದಿ ಖಾಲಿ ಜಾಗ’ ಅಂತ ಬರೆದೆ. ನಮ್ಮ ಸಂಪಾದಕರು ಬೈಯಲಿಲ್ಲ. ಪರಿಚಯದ ಪೆಥಾಲಜಿಸ್ಟ್ ಒಬ್ಬರ ಹತ್ತಿರ ಕಳಿಸಿದರು. ಆಕೆ ಮೈಕ್ರೋಸ್ಕೋಪಿಗೆ ಸ್ಲೈಡ್ ಇಟ್ಟು, ಸ್ಟೂಲನ್ನು ನನ್ನ ಕಡೆ ತಳ್ಳಿದರು. ಬಿಳಿ ಬಿಳಿ ಗುಂಡುಗಳು, ಜೇನುಗೂಡಿನ ಹಾಗೆ. “ಖಾಲಿ ಅಲ್ಲ ಅದು. ಸ್ಲೈಡ್ ತಯಾರು ಮಾಡುವಾಗ ಹಾಕುವ ಕ್ಸೈಲೀನ್ ಅನ್ನುವ ದ್ರಾವಕ ಕೊಬ್ಬನ್ನು ಕರಗಿಸಿಬಿಡುತ್ತದೆ. ಮನೆ ಉಳಿದಿದೆ, ಸಾಮಾನು ಹೋಗಿದೆ” ಅಂದರು. ಆಮೇಲೆ ನಿಧಾನಕ್ಕೆ ಗಡ್ಡೆಯ ಕಡೆ ಸರಿಸಿದರು. ಹತ್ತಿರ ಬಂದಂತೆ ಗುಂಡುಗಳು ಚಿಕ್ಕದಾದವು. ಒಂದರ ಸುತ್ತ ಮಾತ್ರ ನೇರಳೆ ಚುಕ್ಕಿಗಳು ಸರದ ಹಾಗೆ ಕೂತಿದ್ದವು.

ಆ ಸರಕ್ಕೆ ಈಗ ಕಿರೀಟ ಅಂತಾರೆ. ಸತ್ತ ಕೊಬ್ಬಿನ ಕೋಶವನ್ನು ರೋಗನಿರೋಧಕ ವ್ಯವಸ್ಥೆಯ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಸುತ್ತುವರಿದು ತೆರವು ಮಾಡುತ್ತಿರುತ್ತವೆ. ಉರಿಯೂತದ ಗುರುತು ಅದು. ಉರಿಯೂತ ಇದ್ದಲ್ಲಿ ಅರೋಮಟೇಸ್ ಅನ್ನುವ ಕಿಣ್ವವೂ ಹೆಚ್ಚುತ್ತದೆ. ಮುಟ್ಟು ನಿಂತ ಮೇಲೆ ದೇಹಕ್ಕೆ ಈಸ್ಟ್ರೋಜನ್, ಅಂದರೆ ಹಲವು ಸ್ತನ ಕ್ಯಾನ್ಸರ್ ಗಡ್ಡೆಗಳನ್ನು ಬೆಳೆಸುವ ಹಾರ್ಮೋನ್, ಸಿಗುವುದು ಬಹುಪಾಲು ಕೊಬ್ಬಿನಲ್ಲಿರುವ ಈ ಕಿಣ್ವದಿಂದಲೇ. ಸ್ತನ ಕ್ಯಾನ್ಸರಿಗೆ ಕೊಡುವ ಲೆಟ್ರೋಜೋಲ್ ಮಾತ್ರೆ ತಡೆಯುವುದು ಈ ಕಿಣ್ವವನ್ನೇ. ಗುಂಡುಗಳು ಚಿಕ್ಕದಾಗುವುದಕ್ಕೂ ಕಾರಣ ಇದೆ. ಗಡ್ಡೆಯ ಸಹವಾಸದಲ್ಲಿ ಕೊಬ್ಬಿನ ಕೋಶ ತನ್ನ ಕೊಬ್ಬನ್ನು ಬಿಟ್ಟುಕೊಡುತ್ತದೆ, ಕ್ಯಾನ್ಸರ್ ಕೋಶ ಅದನ್ನೇ ಉರುವಲು ಮಾಡಿಕೊಳ್ಳುತ್ತದೆ. ಸುತ್ತಲಿನ ಹಂದರವನ್ನು ಸಡಿಲ ಮಾಡುವ ಕಿಣ್ವಗಳನ್ನೂ ಕೊಬ್ಬಿನ ಕೋಶ ಸುರಿಸುತ್ತದೆ. ಗಡ್ಡೆಗೆ ದಾರಿ ಸಿಗುವುದು ಹೀಗೆ. ಇಷ್ಟೆಲ್ಲ ಮಾಡುವುದನ್ನು ಚೀಲ ಅಂದರೆ ಹೇಗೆ?

ಈ ಕಿರೀಟದ ಬಗ್ಗೆ ನಡೆದ ಒಂದು ಅಧ್ಯಯನವನ್ನು ನೀವೂ ಒಂದು ಸಾಲಿನಲ್ಲಿ ಹೇಳಿದ್ದೀರಿ: “ಕಿರೀಟ ಇದ್ದವರಿಗೆ ಕ್ಯಾನ್ಸರ್ ಬೇಗ ಹರಡುತ್ತದೆ.” ಮೂಲದಲ್ಲಿ ಇರುವುದು, ಮುಂದೆ ದೂರದ ಅಂಗಕ್ಕೆ ಹರಡಿದವರನ್ನೇ ತೆಗೆದುಕೊಂಡರೆ ಅವರ ಪೈಕಿ ಕಿರೀಟ ಇದ್ದವರಲ್ಲಿ ಅದು ಬೇಗ ಆಗಿತ್ತು ಅಂತ. ‘ಹರಡಿದವರ ಪೈಕಿ’ ಅನ್ನುವ ಎರಡು ಪದ ಎಲ್ಲಿ ಹೋದವು? ವಾಕ್ಯ ಚಿಕ್ಕದಾಗಲಿ ಅಂತ ಬಿಟ್ಟಿರಬೇಕು. ಬೇರೆ ಏನನ್ನಾದರೂ ಬಿಡಿ, ಅದನ್ನು ಬಿಡಬೇಡಿ.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಎಲ್ಲವನ್ನೂ ತಿದ್ದುವುದು ಸದ್ಯಕ್ಕೆ ಬೇಡ. ಒಮ್ಮೆ ಯಾರಾದರೂ ಪೆಥಾಲಜಿಸ್ಟ್ ಹತ್ತಿರ ಕೂತು ಗಡ್ಡೆಯ ಅಂಚು ಇರುವ ಸ್ಲೈಡ್ ನೋಡಿ. ಆಮೇಲೆ ಮೂರನೇ ಪ್ಯಾರಾ ಒಂದನ್ನೇ ಹೊಸದಾಗಿ ಬರೆದು ಕಳಿಸಿ. ಅದನ್ನು ಮೊದಲು ಓದುತ್ತೇನೆ.