ಜಿಪಿಯು 68 ಡಿಗ್ರಿ, ಮೆಮೊರಿ 104 ಡಿಗ್ರಿ. ನನ್ನ 3090 ಗ್ರಾಫಿಕ್ಸ್ ಕಾರ್ಡ್ ಹಾಳಾಗಿದೆಯಾ?

ಹಾಳಾಗಿಲ್ಲ, ಗಾಬರಿ ಬೇಡ. ಆದರೆ ಹಾಗೇ ಬಿಡಲೂ ಬೇಡಿ.

ಸೆಕೆಂಡ್‌ಹ್ಯಾಂಡ್ ಆರ್‌ಟಿಎಕ್ಸ್ 3090 ತಗೊಂಡಿದ್ದೀರಿ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ ಹಾಕಿದರೆ (ಚಿತ್ರ ತಯಾರಿಸಲು ಬಿಟ್ಟರೆ) ಕಾರ್ಡಿನ ಮುಖ್ಯ ಚಿಪ್ ಆದ ಜಿಪಿಯು 68 ಡಿಗ್ರಿ ದಾಟುವುದಿಲ್ಲ, ಮೆಮೊರಿ ಮಾತ್ರ 104ಕ್ಕೆ ಹೋಗುತ್ತದೆ. ಒಂದೇ ಕಾರ್ಡಿನಲ್ಲಿ ಇಷ್ಟು ವ್ಯತ್ಯಾಸ ಯಾಕೆ ಅಂತ ಕೇಳಿದ್ದೀರಿ. ಕಾರಣ ಬೋರ್ಡಿನ ಬೆನ್ನಿನಲ್ಲಿದೆ.

3090ಯಲ್ಲಿ 24 ಜಿಬಿ ಮೆಮೊರಿ ಇದೆ. 2020ರಲ್ಲಿ ಕಾರ್ಡ್ ಬಂದಾಗ ಅದರಲ್ಲಿ ಬಳಸಿದ ಜಿಡಿಡಿಆರ್6ಎಕ್ಸ್ ಮಾದರಿಯ ಒಂದು ಮೆಮೊರಿ ಚಿಪ್ಪಿನಲ್ಲಿ ಇದ್ದದ್ದು 1 ಜಿಬಿ ಮಾತ್ರ. ಹಾಗಾಗಿ 24 ಚಿಪ್ ಬೇಕಾಯಿತು. ಮುಂಭಾಗದಲ್ಲಿ ಜಿಪಿಯು ಸುತ್ತ 12 ಕೂರಿಸಿದರು, ಉಳಿದ 12 ಹಿಂದಕ್ಕೆ ಹೋದವು. ಮುಂದಿನವಕ್ಕೆ ಬಿಸಿ ಹೀರುವ ಹೀಟ್‌ಸಿಂಕ್, ಫ್ಯಾನ್ ಎಲ್ಲಾ ಇದೆ. ಹಿಂದಿನವಕ್ಕೆ ಹೆಚ್ಚಿನ ಮಾಡೆಲ್‌ಗಳಲ್ಲಿ ಬಿಸಿ ದಾಟಿಸುವ ಮೆತ್ತನೆಯ ಒಂದು ಥರ್ಮಲ್ ಪ್ಯಾಡ್, ಅದರ ಮೇಲೆ ಬ್ಯಾಕ್‌ಪ್ಲೇಟ್ ಎಂಬ ಹಿಂಬದಿಯ ತಗಡು, ಅಷ್ಟೇ. ಆ ತಗಡಿನ ಮೇಲೆ ನೇರವಾಗಿ ಗಾಳಿ ಹಾಯುವುದಿಲ್ಲ. ನಿಮಗೆ ಕಾಣುವ 104 ಎಲ್ಲಾ ಚಿಪ್ಪುಗಳ ಸರಾಸರಿ ಅಲ್ಲ, ಎಲ್ಲಕ್ಕಿಂತ ಬಿಸಿಯಾದ ಜಾಗದ ಲೆಕ್ಕ.

2022ರಲ್ಲಿ 3090 ಟಿಐ ಬಂತು. ಅಷ್ಟೊತ್ತಿಗೆ 2 ಜಿಬಿ ಚಿಪ್ ಬಂದಿತ್ತು, ಹನ್ನೆರಡನ್ನೂ ಮುಂದೆಯೇ ಕೂರಿಸಿದರು. ಕಾರ್ಡಿನ ಪವರ್ 350 ವ್ಯಾಟ್‌ನಿಂದ 450ಕ್ಕೆ ಏರಿದರೂ ಮೆಮೊರಿ ಮೊದಲಿಗಿಂತ ತಣ್ಣಗಿತ್ತು. ಕೂಲರ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಚಿಪ್ ಎಲ್ಲಿ ಕೂತಿದೆ ಅನ್ನುವುದು ಜಾಸ್ತಿ ಮುಖ್ಯ ಅಂತ ನಾನು ನಂಬುವುದು ಇದಕ್ಕೇ.

ಮೆಮೊರಿ 110 ಡಿಗ್ರಿ ಮುಟ್ಟಿದರೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ನೀವು ಅದರ ಹತ್ತಿರದಲ್ಲೇ ಇದ್ದೀರಿ. ಮೇಲಾಗಿ ನಿಮ್ಮದು ಕಲಬುರಗಿ. ವಿಮರ್ಶೆಗಳ ಅಂಕಿಗಳು ಸಾಮಾನ್ಯವಾಗಿ ತಣ್ಣನೆಯ ರೂಮಿನಲ್ಲಿ ಅಳೆದವು. ರೂಮು 10 ಡಿಗ್ರಿ ಬಿಸಿ ಇದ್ದರೆ ಕಾರ್ಡೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ.

ಮೊದಲು ಖರ್ಚಿಲ್ಲದ್ದು ಮಾಡಿ. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ ಶೇಕಡಾ 80ಕ್ಕೆ ಇಳಿಸಿ, ಮೆಮೊರಿ ಕ್ಲಾಕ್ (ಮೆಮೊರಿಯ ವೇಗ) ಸ್ವಲ್ಪ ತಗ್ಗಿಸಿ. ರೆಂಡರ್ ಸ್ವಲ್ಪ ನಿಧಾನ ಆಗಬಹುದು, ಬಿಸಿ ಮಾತ್ರ ಚೆನ್ನಾಗಿ ಕಡಿಮೆಯಾಗುತ್ತದೆ. ಆಫ್ಟರ್‌ಬರ್ನರ್‌ನ ಫ್ಯಾನ್ ಕರ್ವ್, ಅಂದರೆ ಫ್ಯಾನ್ ವೇಗದ ಲೆಕ್ಕ, ಜಿಪಿಯು ತಾಪ ನೋಡಿಕೊಂಡು ನಡೆಯುತ್ತದೆ. ಜಿಪಿಯು 68 ಇದ್ದರೆ ಜೋರಾಗಿ ತಿರುಗಲು ಫ್ಯಾನಿಗೆ ಕಾರಣವೇ ಇಲ್ಲ ಅಲ್ವಾ? ಹಾಗಾಗಿ ವೇಗ ಕೈಯಾರೆ ಏರಿಸಿ. ಬ್ಯಾಕ್‌ಪ್ಲೇಟ್ ಕಡೆಗೆ ಗಾಳಿ ಬರುವಂತೆ ಒಂದು 120 ಮಿಮೀ ಫ್ಯಾನ್ ಇಡಿ. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ಪ್ಯಾಡ್ ಬದಲಾವಣೆ ಕೊನೆಗೆ ಇರಲಿ. ನಿಮ್ಮ ಕಾರ್ಡ್ ಈಥೀರಿಯಂ ಎಂಬ ಕ್ರಿಪ್ಟೋ ಹಣದ ಮೈನಿಂಗ್‌ನಲ್ಲಿ ದುಡಿದಿದ್ದರೆ ಹಳೆ ಪ್ಯಾಡ್ ಒಣಗಿರಬಹುದು. ಆ ಕೆಲಸ ಮೆಮೊರಿಯನ್ನೇ ಹಿಂಡುತ್ತಿತ್ತು. ಆದರೆ ದಪ್ಪ ತಪ್ಪಬಾರದು. ಪ್ಯಾಡ್ ದಪ್ಪವಾದರೆ ಹೀಟ್‌ಸಿಂಕ್ ಜಿಪಿಯು ಮೇಲೆ ಸರಿಯಾಗಿ ಕೂರುವುದಿಲ್ಲ. ತೆಳುವಾದರೆ ಮೆಮೊರಿಗೇ ತಾಗುವುದಿಲ್ಲ. ಬದಲಾಯಿಸಿದ ಮೇಲೆ ಮೆಮೊರಿ ಇಳಿದು ಜಿಪಿಯು 80ಕ್ಕೆ ಏರಿತು ಅಂದರೆ ಪ್ಯಾಡ್ ದಪ್ಪ ಆಗಿದೆ ಅಂತಲೇ ಅನುಮಾನಿಸಿ, ಕೂಡಲೇ ಬಿಚ್ಚಿ. ಒಂದೇ ಕಾರ್ಡಿನಲ್ಲೂ ಮುಂದೆ ಒಂದು ದಪ್ಪ, ಹಿಂದೆ ಒಂದು ದಪ್ಪ ಇರಬಹುದು. ಅಂಗಡಿಗೆ ಹೋಗುವ ಮೊದಲು ಯಾವ ಕಂಪನಿಯ ಯಾವ ಮಾಡೆಲ್ ಅಂತ ಪೂರ್ತಿ ಹೆಸರು ಇಲ್ಲಿ ಹಾಕಿ.