ಮಂಗಳವಾರ ಸಂಜೆ ಏಳೂವರೆಗೆ

ನಿಮ್ಮ ಕಾಗದ ಓದಿದೆ. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎರಡು ತಿಂಗಳಾಯಿತು, ಆಫೀಸು ಬಿಟ್ಟರೆ ರೂಮು, ರೂಮು ಬಿಟ್ಟರೆ ಆಫೀಸು ಅಂತ ಬರೆದಿದ್ದೀರಿ. ‘ಇಲ್ಲಿನವರು ನಗುತ್ತಾರೆ, ಆದರೆ ಹತ್ತಿರ ಸೇರಿಸಲ್ಲ. ನೀವು ಹೇಗಕ್ಕಾ ಇಷ್ಟು ವರ್ಷ ಇದ್ದೀರಿ?’ ಅಂತ ಕೇಳಿದ್ದೀರಿ. ನಾನು ನಾಟಕದ ತಂಡವೊಂದರಲ್ಲಿ ಬಿಟ್ಟಿ ಚಾಕರಿ ಮಾಡುತ್ತೇನೆ ಅಂತ ಯಾರೋ ಹೇಳಿದರಂತೆ. ನಮ್ಮ ಇಂಗ್ಲಿಷ್ ಇಟ್ಟುಕೊಂಡು ಅಂಥಲ್ಲಿಗೆ ಹೋಗಬಹುದಾ ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ.

ಹೋಗಬಹುದು. ಆ ಕಥೆ ಆಮೇಲೆ. ಅಕ್ಟೋಬರ್ ಬಂದಾಯಿತು, ಮೊದಲು ಮೈ ನೋಡಿಕೊಳ್ಳುವ ಮಾತು ಹೇಳಿಬಿಡುತ್ತೇನೆ.

ಈ ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ ಗಡಿಯಾರ ಎರಡರಿಂದ ಒಂದಕ್ಕೆ ಹಿಂದೆ ಹೋಗುತ್ತದೆ. ಒಂದು ಗಂಟೆ ನಿದ್ದೆ ಜಾಸ್ತಿ ಸಿಕ್ಕಿತು ಅಂತ ಆ ದಿನ ಖುಷಿ. ಸೋಮವಾರ ಆಫೀಸಿಂದ ಹೊರಗೆ ಬಂದಾಗ ಬಿಸಿ ಮುಟ್ಟುತ್ತದೆ, ಐದಕ್ಕೇ ಕತ್ತಲು. ಡಿಸೆಂಬರ್‌ನಲ್ಲಂತೂ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನಾನು ಬಂದದ್ದು 2011ರಲ್ಲಿ. ಆ ವರ್ಷದ ನವೆಂಬರ್ ಇಡೀ ನನಗೇನೋ ಕಾಯಿಲೆ ಅಂದುಕೊಂಡಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ, ಮೋಡವಿದ್ದರೂ ಸರಿ, ಇಪ್ಪತ್ತು ನಿಮಿಷ ಹೊರಗೆ ಅಡ್ಡಾಡಿ ಬನ್ನಿ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಎಲ್ಲರಿಗೂ ಹೇಳುತ್ತದೆ. ನಮ್ಮಂಥ ಮೈಬಣ್ಣದವರಿಗೆ ವರ್ಷವಿಡೀ. ಜಿಪಿ, ಅಂದರೆ ನಿಮ್ಮ ಏರಿಯಾದ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೀರಾ? ಜ್ವರ ಬಂದ ಮೇಲಲ್ಲ, ಈ ವಾರವೇ ಬರೆಸಿ, ದುಡ್ಡು ಕೇಳುವುದಿಲ್ಲ. ಕೊಡೆ ಕೊಳ್ಳಬೇಡಿ, ಇಲ್ಲಿನ ಗಾಳಿಗೆ ಅದು ಉಲ್ಟಾ ಆಗುತ್ತದೆ. ರೂಮೊಳಗೆ ಬಟ್ಟೆ ಒಣಗಿಸುವಾಗ ಚಳಿ ಅಂತ ಕಿಟಕಿ ಪೂರ್ತಿ ಮುಚ್ಚಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಇನ್ನು ಜನ. ‘ಯೂ ಆಲ್‌ರೈಟ್?’ ಅಂತ ಕೇಳಿದವರಿಗೆ ನಾನು ಮೊದಮೊದಲು ನಿಜವಾಗಿಯೂ ನನ್ನ ಕಷ್ಟ ಹೇಳಲು ಶುರು ಮಾಡುತ್ತಿದ್ದೆ. ಪಾಪ, ಅವರು ಆಗಲೇ ಎರಡು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ಅದು ಪ್ರಶ್ನೆಯಲ್ಲ, ನಮಸ್ಕಾರ. ಇಲ್ಲಿನವರಿಗೆ ಎದುರುಬದುರು ಕೂತು ಮನಸ್ಸು ಬಿಚ್ಚುವುದು ಕಷ್ಟ ಅಂತ ನನಗೆ ಕಂಡಿದೆ. ಅದೇ ಪಕ್ಕಪಕ್ಕದಲ್ಲಿ ನಿಂತು ಹಲಗೆಗೆ ಬಣ್ಣ ಬಳಿಯುವಾಗ ಗಂಡನ ಆಪರೇಷನ್ನು, ಮಗಳ ಡಿವೋರ್ಸು ಎಲ್ಲ ಹೊರಗೆ ಬರುತ್ತದೆ. ಹಾಗಾಗಿ ಫ್ರೆಂಡ್ಸ್ ಹುಡುಕಿಕೊಂಡು ಅಲೆಯಬೇಡಿ. ವಾರದ ಒಂದು ಸಂಜೆ, ನೀವು ಬರದಿದ್ದರೆ ಯಾರಿಗಾದರೂ ತೊಂದರೆಯಾಗುವಂಥ ಒಂದು ಕೆಲಸ ಹಿಡಿಯಿರಿ.

ನನಗೆ ಅದು ಸಿಕ್ಕಿದ್ದು ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ. ‘ಪ್ರಾಂಪ್ಟರ್ ಬೇಕು, ಅನುಭವ ಬೇಡ, ಮಂಗಳವಾರ ಸಂಜೆ ಏಳೂವರೆ, ಚರ್ಚ್ ಹಾಲ್.’ ಹೋದೆ. ಬಾಗಿಲು ತಳ್ಳುವ ಧೈರ್ಯ ಬರುವ ಮುಂಚೆ ಆ ಹಾಲಿಗೆ ಎರಡು ಸುತ್ತು ಹಾಕಿದ್ದೆ, ದೇವಸ್ಥಾನಕ್ಕೆ ಹಾಕಿದ ಹಾಗೆ. ಒಳಗೆ ಹನ್ನೆರಡು ಜನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೋಟು ಬಿಚ್ಚದೆ ಕೂತಿದ್ದರು, ಹೀಟರ್ ಕೆಟ್ಟಿತ್ತು. ಯಾರೂ ನನ್ನ ಊರು, ಕೆಲಸ ಏನೂ ಕೇಳಲಿಲ್ಲ. ಸ್ಕ್ರಿಪ್ಟು, ಒಂದು ಪೆನ್ಸಿಲ್ಲು ಕೈಗೆ ಕೊಟ್ಟು ಕೂರಿಸಿದರು.

ಪ್ರಾಂಪ್ಟರ್ ಕೆಲಸ ಗೊತ್ತಲ್ವಾ, ರಂಗದ ಪಕ್ಕದ ಮರೆಯಲ್ಲಿ, ಅಂದರೆ ವಿಂಗ್‌ನಲ್ಲಿ ಕೂತು ಸಾಲು ಸಾಲಿಗೂ ಬೆರಳಿಟ್ಟುಕೊಂಡು ಹೋಗುವುದು, ಪಾತ್ರಧಾರಿ ಮರೆತರೆ ಮುಂದಿನ ಎರಡು ಪದ ಎತ್ತಿಕೊಡುವುದು. ಉಚ್ಚಾರ ಚೆನ್ನಾಗಿರಬೇಕಿಲ್ಲ, ಕೇಳಿಸಿದರೆ ಸಾಕು. ಅವರು ಮಾತಾಡುವುದನ್ನು ಕಣ್ಣಲ್ಲಿ ಓದುತ್ತಾ ಕಿವಿಯಲ್ಲಿ ಕೇಳುತ್ತೀರಲ್ಲ, ಆರು ವಾರದಲ್ಲಿ ನಮ್ಮ ಈ ಯಾರ್ಕ್‌ಷೈರ್ ಸೀಮೆಯ ಇಂಗ್ಲಿಷ್ ಅರ್ಥವಾಗತೊಡಗುತ್ತದೆ. ‘ನೌಟ್’ ಅಂದರೆ ಏನೂ ಇಲ್ಲ ಅಂತ ನಾನು ಕಲಿತದ್ದು ಅಲ್ಲೇ.

ಮೊದಲ ಶೋ ದಿನ ಎಡವಟ್ಟು ಮಾಡಿದೆ. ಎರಡನೇ ಅಂಕದಲ್ಲಿ ಒಬ್ಬ ಮುದುಕ ಮಗನ ಕಾಗದ ಓದಿ, ಮಡಚಿ, ಜೇಬಿಗೆ ಹಾಕಿಕೊಂಡು ಸುಮ್ಮನೆ ನಿಲ್ಲುತ್ತಾನೆ. ರಿಹರ್ಸಲ್‌ನಲ್ಲಿ ಅಷ್ಟು ಹೊತ್ತು ನಿಂತಿರಲಿಲ್ಲ. ನಾನು ಮೂರು ಎಣಿಸಿದೆ, ನಾಲ್ಕು ಎಣಿಸಿದೆ, ಎದೆ ಹೊಡೆದುಕೊಳ್ಳುತ್ತಿತ್ತು. ಮರೆತೇ ಹೋಯಿತು ಅಂದುಕೊಂಡು ಮುಂದಿನ ಸಾಲನ್ನು ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿಬಿಟ್ಟೆ. ಮುಂದಿನ ಸಾಲಿನಲ್ಲಿದ್ದವರು ನಕ್ಕರು. ಕಣ್ಣೀರು ತರಿಸಬೇಕಾದ ಜಾಗ ಅದು.

ಇಂಟರ್ವಲ್‌ನಲ್ಲಿ ಆ ಮುದುಕನ ಪಾತ್ರ ಮಾಡಿದವರು ನೇರ ನನ್ನ ಹತ್ತಿರ ಬಂದರು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರು ನನ್ನ ಪೆನ್ಸಿಲ್ ತೆಗೆದುಕೊಂಡು, ಮೇಕಪ್ ಅಂಟಿದ ಕೈಯಲ್ಲೇ ಹಾಳೆ ತಿರುವುತ್ತಾ, ತಾವು ಬೇಕೆಂದೇ ಸುಮ್ಮನಾಗುವ ಕಡೆಯೆಲ್ಲ ಒಂದೊಂದು ಗೀಟು ಹಾಕಿಕೊಟ್ಟರು. ಉದ್ದ ಮೌನಕ್ಕೆ ಉದ್ದ ಗೀಟು, ಗಿಡ್ಡದಕ್ಕೆ ಗಿಡ್ಡದು. ಶನಿವಾರ ಕೊನೆಯ ಶೋ ಮುಗಿದಾಗ ‘ನಾಟ್ ಬ್ಯಾಡ್’ ಅಂದರು. ಇಲ್ಲಿ ಅದು ಭಾರಿ ಹೊಗಳಿಕೆ ಅಂತ ಆಮೇಲೆ ಗೊತ್ತಾಯಿತು. ಈಗ ಟೀ ಕಪ್ಪು ತೊಳೆಯುವಾಗ ಪಕ್ಕದಲ್ಲಿದ್ದವರು ಐದು ನಿಮಿಷ ಮಾತಾಡದಿದ್ದರೂ ನಾನು ಏನಾದರೂ ತುಂಬಿಸಲು ಹೋಗುವುದಿಲ್ಲ.

ಎಲ್ಲ ಚೆನ್ನಾಗಿರುತ್ತದೆ ಅಂತ ಹೇಳಲಾರೆ. ದೊಡ್ಡ ಪಾತ್ರಗಳು ಅದೇ ಮೂರು ನಾಲ್ಕು ಜನಕ್ಕೆ ಹೋಗುತ್ತವೆ. ಕಮಿಟಿಯ ಜಗಳ ನಮ್ಮ ಕಡೆಯ ಸಂಘಗಳ ಹಾಗೇ, ಧ್ವನಿ ಮಾತ್ರ ಏರುವುದಿಲ್ಲ. ಒಬ್ಬಾಕೆ ಎರಡು ವರ್ಷ ನನ್ನ ಹತ್ತಿರ ಕಿವುಡಿಯ ಜೊತೆ ಮಾತಾಡುವ ಹಾಗೆ ಬಿಡಿಬಿಡಿಸಿ ಜೋರಾಗಿ ಮಾತಾಡುತ್ತಿದ್ದಳು. ತಂಡದಲ್ಲಿ ಮೂವತ್ತು ಜನ ಇದ್ದರೆ ನನ್ನ ಮನೆಗೆ ಬಂದು ಹೋಗುವವರು ನಾಲ್ಕು ಜನ. ನನಗೆ ಸಾಕು.

ನಿಮಗೆ ಈಗ ಒಳ್ಳೇ ಹೊತ್ತು. ನವೆಂಬರ್ ನಾಟಕದ ಪಾತ್ರಗಳೆಲ್ಲ ಸೆಪ್ಟೆಂಬರ್‌ನಲ್ಲೇ ಹಂಚಿ ಹೋಗಿರುತ್ತವೆ, ಆದರೆ ಸೆಟ್ ಕಟ್ಟಲು, ಟಿಕೆಟ್ ಹರಿಯಲು, ಇಂಟರ್ವಲ್‌ನಲ್ಲಿ ಟೀ ಕೊಡಲು ಕೈ ಸಾಲದೆ ಒದ್ದಾಡುವ ಕಾಲ ಇದು. ಅದರ ಹಿಂದೆಯೇ ಪ್ಯಾಂಟೊಮೈಮ್, ಅಂದರೆ ಕ್ರಿಸ್‌ಮಸ್ ಹೊತ್ತಿನ ಹಾಡು-ತಮಾಷೆಯ ನಾಟಕದ ತಯಾರಿ ಶುರು. ಗಂಡಸೊಬ್ಬ ಗಿಲೀಟಿನ ಮುದುಕಿಯಾಗಿ ಬರುತ್ತಾನೆ, ನೋಡುವವರು ಕೂತಲ್ಲಿಂದಲೇ ‘ನಿನ್ನ ಹಿಂದೆ ಇದ್ದಾನೆ ನೋಡು!’ ಅಂತ ಕೂಗುತ್ತಾರೆ. ಯಕ್ಷಗಾನದ ಸ್ತ್ರೀವೇಷ ನೋಡಿದ ನಮಗೆ ಇದೇನು ಮಹಾ ಬಿಡಿ. ಮಕ್ಕಳ ಉಸ್ತುವಾರಿ ಕೊಟ್ಟರೆ ಡಿಬಿಎಸ್ ತಪಾಸಣೆ (ಹಳೇ ಅಪರಾಧದ ದಾಖಲೆ ಇದೆಯಾ ಅಂತ ನೋಡುವುದು) ಕೇಳಬಹುದು, ಸ್ವಯಂಸೇವಕರಿಗೆ ಅದರ ಸರ್ಕಾರಿ ಶುಲ್ಕವಿಲ್ಲ. ನಿಮ್ಮದು ಸ್ಕಿಲ್ಡ್ ವರ್ಕರ್ ವೀಸಾ ಅಂದಿರಿ, ಅದರಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೆ ಅಡ್ಡಿಯಿಲ್ಲ. ತಂಡ ಹುಡುಕಲು ಲೈಬ್ರರಿಯ ಬೋರ್ಡು ನೋಡಿ. 1899ರಿಂದ ಇರುವ, ಹವ್ಯಾಸಿ ತಂಡಗಳ ಒಕ್ಕೂಟವೊಂದಿದೆ, ಅದರಲ್ಲೂ ವಿಚಾರಿಸಬಹುದು. ಅದರ ಹೆಸರೇ ‘ನೋಡಾ’. ನಾನು ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ನೋಡಾ.

ಹೋಗುವಾಗ ಹಳೇ ಪ್ಯಾಂಟು ಹಾಕಿಕೊಳ್ಳಿ, ಬಣ್ಣ ಹೋಗುವುದಿಲ್ಲ. ಜೇಬಿನಲ್ಲಿ ಒಂದು ಚಿಕ್ಕ ಟಾರ್ಚ್ ಇರಲಿ, ವಿಂಗ್‌ನಲ್ಲೂ ಬೇಕು, ವಾಪಸ್ ಬಸ್ ಸ್ಟಾಪಿಗೆ ನಡೆಯುವಾಗಲೂ ಬೇಕು.