ಫೈಟರ್ ಮರಿಗಳಿಗೆ ಯಾವ ಹುಳು? ನಾರುವ ಡಬ್ಬಿಗೆ ಏನು ಮಾಡುವುದು?

ನೀವು ಕೇಳಿದ್ದರಲ್ಲಿ ನಾಲ್ಕು ಪ್ರಶ್ನೆಗಳಿವೆ. ಫೈಟರ್ (ಬೆಟ್ಟಾ) ಮೀನಿನ ಮರಿಗಳು ಪುಡಿ ಆಹಾರ ಮುಟ್ಟುತ್ತಿಲ್ಲ, ಯಾವ ಹುಳು ಸಾಕಬೇಕು? ಓಟ್ಸ್‌ನಲ್ಲಿ ಬೆಳೆಸಿದ ಮೈಕ್ರೋವರ್ಮ್ ಎಂಬ ಸಣ್ಣ ಹುಳುವಿನ ಡಬ್ಬಿ ಎರಡೇ ವಾರಕ್ಕೆ ನಾತ ಹೊಡೆದದ್ದು ಏಕೆ? ಗ್ರಿಂಡಾಲ್ ಹುಳುವಿನ ಡಬ್ಬಿಯಲ್ಲಿ ಏನೋ ಜಿಗಿಯುತ್ತಿದೆ, ಅದೇನು? ಇಷ್ಟೆಲ್ಲ ಪಾಡು ಯಾಕೆ, ಟ್ಯೂಬಿಫೆಕ್ಸ್ ಹುಳು ಕೊಂಡು ತಂದು ಹಾಕಿದರೆ ಆಗದೇ?

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಆಗದು. ಹುಟ್ಟಿದ ಮರಿಯ ಬಾಯಿಗೆ ಟ್ಯೂಬಿಫೆಕ್ಸ್ ಹಿಡಿಸುವುದೇ ಇಲ್ಲ. ದೊಡ್ಡ ಮೀನಿಗೂ ಅದು ಕ್ಷೇಮವಲ್ಲ. ಅದು ಕೊಳಚೆ ನೀರಿನ ಕೆಸರಿನಲ್ಲಿ ತಲೆ ಹುಗಿದು, ಬಾಲ ಮೇಲೆತ್ತಿ ಆಡಿಸುತ್ತಾ ಬದುಕುವ ಹುಳು. ಮಾರಾಟಕ್ಕೆ ಬರುವುದರಲ್ಲಿ ಬಹುಪಾಲು ಅಂಥ ಜಾಗದ್ದೇ. ಹರಿಯುವ ನೀರಿನಲ್ಲಿ ದಿನಗಟ್ಟಲೆ ತೊಳೆದರೂ ಸ್ವಚ್ಛವಾಗುವುದು ಮೈ; ಹೊಟ್ಟೆಯೊಳಗೆ ಏನಿದೆಯೋ ಅದು ಮೀನಿನ ಹೊಟ್ಟೆಗೆ ಹೋಗುತ್ತದೆ. ಟ್ರೌಟ್ ಮತ್ತು ಸಾಲ್ಮನ್ ಮೀನುಗಳನ್ನು ಗಿರಗಿರನೆ ಸುತ್ತಿಸಿ ಕೊಲ್ಲುವ ಪರೋಪಜೀವಿಯೊಂದು ತನ್ನ ಅರ್ಧ ಜೀವನ ಕಳೆಯುವುದು ಇದೇ ಟ್ಯೂಬಿಫೆಕ್ಸ್ ಒಳಗೆ. ನಮ್ಮ ಫೈಟರ್, ಗಪ್ಪಿಗಳಿಗೆ ಆ ರೋಗದ ಭಯವಿಲ್ಲ, ಆದರೆ ಜೊತೆಗೆ ಬರುವ ಬ್ಯಾಕ್ಟೀರಿಯಾಗಳ ಭಯ ಖಂಡಿತ ಇದೆ. ಮನೆಯಲ್ಲಿ ಹುಳು ಸಾಕುವ ದೊಡ್ಡ ಲಾಭವೇ ಇದು: ಅದು ಏನು ತಿಂದು ಬೆಳೆದಿದೆ ಎಂಬುದು ನಮಗೆ ಗೊತ್ತಿರುತ್ತದೆ.

ಈಗ ಯಾವ ಹುಳು ಎಂಬ ಪ್ರಶ್ನೆ. ನೋಡಬೇಕಾದದ್ದು ಎರಡು: ಮರಿಯ ಬಾಯಿ ಎಷ್ಟು ಅಗಲ, ಅದು ನೀರಿನ ಯಾವ ಮಟ್ಟದಲ್ಲಿ ಮೇಯುತ್ತದೆ. ಫೈಟರ್ ಮರಿ ಮೊಟ್ಟೆಯೊಡೆದ ಮೇಲೆ ಎರಡು ಮೂರು ದಿನ ತನ್ನ ಹೊಟ್ಟೆಯ ಹಳದಿ ಚೀಲವನ್ನೇ ಕರಗಿಸಿಕೊಂಡು ಬದುಕುತ್ತದೆ. ಆಗ ಏನು ಹಾಕಿದರೂ ದಂಡ, ನೀರು ಕೆಡುತ್ತದೆ ಅಷ್ಟೆ. ಅಡ್ಡಡ್ಡ ಈಜಲು ಶುರುಮಾಡಿದ ಮೇಲೆ ಹಸಿವು. ಆ ಹೊತ್ತಿಗೆ ಅದು ನೀರಿನ ಮೇಲ್ಭಾಗದಲ್ಲೇ ಸುತ್ತುತ್ತದೆ, ಕದಲುವುದನ್ನು ಮಾತ್ರ ಹಿಡಿಯುತ್ತದೆ. ನಿಮ್ಮ ಪುಡಿ ಆಹಾರವನ್ನು ಅವು ಮುಟ್ಟದಿರುವುದಕ್ಕೆ ಕಾರಣ ರುಚಿಯಲ್ಲ, ಪುಡಿ ಕದಲುವುದಿಲ್ಲ.

ಹಾಗಾಗಿ ಮೊದಲ ವಾರಕ್ಕೆ ನನ್ನ ಮತ ವಿನೆಗರ್ ಈಲ್‌ಗೆ. ಹೆಸರಿನಲ್ಲಿ ಈಲ್ ಇದ್ದರೂ ಇದು ಹಾವುಮೀನಲ್ಲ, ಒಂದೆರಡು ಮಿಲಿಮೀಟರ್ ಉದ್ದದ, ಕೂದಲಿಗಿಂತ ತೆಳ್ಳಗಿನ ದುಂಡುಹುಳು. ಸಿಹಿನೀರಿನಲ್ಲಿ ಹಾಕಿದರೆ ದಿನಗಟ್ಟಲೆ ಸಾಯದೆ ಮೇಲ್ಮಟ್ಟದಲ್ಲೇ ತೇಲಾಡುತ್ತಿರುತ್ತದೆ, ಅಂದರೆ ಮರಿಗಳು ಇರುವಲ್ಲೇ. ಸಾಕುವುದು ಸೋಮಾರಿಗಳಿಗೆ ಹೇಳಿ ಮಾಡಿಸಿದ ಕೆಲಸ. ಸೇಬಿನ ವಿನೆಗರ್ ಅರ್ಧ, ಕ್ಲೋರಿನ್ ಇಲ್ಲದ ನೀರು ಅರ್ಧ, ಒಂದು ತುಂಡು ಸೇಬು, ಹುಳುವಿರುವ ಹಳೆಯ ದ್ರಾವಣ ಒಂದಿಷ್ಟು. ಬಾಯಿಗೆ ಬಟ್ಟೆ ಕಟ್ಟಿ ಕಪಾಟಿನಲ್ಲಿ ಇಟ್ಟುಬಿಡಿ. ದಟ್ಟವಾಗಲು ಮೂರು ನಾಲ್ಕು ವಾರ ಬೇಕು, ಆಮೇಲೆ ತಿಂಗಳುಗಟ್ಟಲೆ ಮರೆತರೂ ಅದು ನಿಮ್ಮನ್ನು ಮರೆಯುವುದಿಲ್ಲ.

ಕಷ್ಟವಿರುವುದು ತೆಗೆಯುವುದರಲ್ಲಿ. ವಿನೆಗರ್ ಸಮೇತ ತೊಟ್ಟಿಗೆ ಸುರಿದರೆ ನೀರು ಹುಳಿಯಾಗಿ ಮರಿ ಸಾಯುತ್ತದೆ. ಉದ್ದ ಕತ್ತಿನ ಬಾಟಲಿ ತೆಗೆದುಕೊಂಡು, ಕತ್ತು ಶುರುವಾಗುವವರೆಗೆ ದ್ರಾವಣ ತುಂಬಿಸಿ. ಫಿಲ್ಟರ್‌ನಲ್ಲಿ ಬಳಸುವ ಬಿಳಿ ಹತ್ತಿಯಂಥ ಉಣ್ಣೆಯನ್ನು ಕತ್ತಿನೊಳಗೆ ತುರುಕಿ, ಅದು ದ್ರಾವಣಕ್ಕೆ ತಾಗುವಂತಿರಲಿ. ಮೇಲೆ ನಿಧಾನವಾಗಿ ಸಿಹಿನೀರು ಹಾಕಿ. ಆಮ್ಲಜನಕ ಹುಡುಕಿಕೊಂಡು ಹುಳುಗಳು ಉಣ್ಣೆ ದಾಟಿ ಮೇಲಕ್ಕೆ ಬರುತ್ತವೆ. ಮರುದಿನ ಬಾಟಲಿಯನ್ನು ಬೆಳಕಿಗೆ ಹಿಡಿದರೆ, ಕತ್ತಿನ ತಿಳಿನೀರಿನಲ್ಲಿ ಬೆಳ್ಳಿಯ ಎಳೆಗಳು ಒಂದೇ ಸಮನೆ ನುಲಿಯುತ್ತಿರುವುದು ಕಾಣುತ್ತದೆ. ಡ್ರಾಪರ್‌ನಲ್ಲಿ ಎಳೆದು ನೇರವಾಗಿ ಮರಿಗಳಿಗೆ ಕೊಡಬಹುದು.

ಮರಿ ಸ್ವಲ್ಪ ಬಲಿತ ಮೇಲೆ ಮೈಕ್ರೋವರ್ಮ್. ಇದು ನೀರಿಗೆ ಬಿದ್ದರೆ ನಿಧಾನವಾಗಿ ತಳ ಸೇರುತ್ತದೆ. ಆದ್ದರಿಂದ ತಳದಲ್ಲಿ ಮೇಯುವ ಕೋರಿಡೋರಾಸ್ ಎಂಬ ಪುಟ್ಟ ಮೀನಿನ ಮರಿಗಳಿಗೆ ಇದಕ್ಕಿಂತ ಒಳ್ಳೆಯದು ಕಡಿಮೆ. ಫೈಟರ್ ಮರಿಗಳಿಗೆ ಕೊಡುವುದಾದರೆ ತೊಟ್ಟಿಯಲ್ಲಿ ನೀರಿನ ಮಟ್ಟ ಕಡಿಮೆ ಇರಲಿ, ಒಂದು ಸಲಕ್ಕೆ ಸ್ವಲ್ಪವೇ ಹಾಕಿ. ಹುಳು ನೀರಿನಲ್ಲಿ ಒಂದು ದಿನವೂ ಬದುಕುವುದು ಕಷ್ಟ. ತಿನ್ನದೆ ಉಳಿದದ್ದು ಕೊಳೆತು ಅಮೋನಿಯಾ ಆಗುತ್ತದೆ. ಮೈಕ್ರೋವರ್ಮ್ ತಿಂದರೆ ಫೈಟರ್ ಮರಿಗಳ ಹೊಟ್ಟೆಯ ಕೆಳಗಿನ ರೆಕ್ಕೆ ಬೆಳೆಯುವುದಿಲ್ಲ ಎಂದು ನೀವೂ ಕೇಳಿರಬಹುದು. ನನಗೆ ಹುಳುವಿಗಿಂತ ಹೀಗೆ ಕೊಳೆತ ತಳದ ಮೇಲೆ, ಒಂದೇ ಆಹಾರ ಕೊಡುವುದರ ಮೇಲೆ ಹೆಚ್ಚು ಅನುಮಾನ. ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿಗಳನ್ನೂ ನಡುನಡುವೆ ಕೊಡುತ್ತಿರಿ.

ನಿಮ್ಮ ಡಬ್ಬಿ ಯಾಕೆ ಸತ್ತಿತು? ಈ ಹುಳುಗಳು ಓಟ್ಸ್ ತಿನ್ನುವುದಿಲ್ಲ. ಓಟ್ಸ್ ಮೇಲೆ ಬೆಳೆಯುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳನ್ನು ತಿನ್ನುತ್ತವೆ. ಅಂದರೆ ನೀವು ಸಾಕುತ್ತಿರುವುದು ಒಂದು ಹುದುಗನ್ನು, ಹುಳು ಅದರ ಮೇಲಿನ ಬೆಳೆ. ಹುದುಗು ಯಾವತ್ತಿದ್ದರೂ ಒಂದು ದಿನ ಕೆಡಲೇಬೇಕು. ಒಂದು ಡಬ್ಬಿಗೆ ಮೂರು, ಹೆಚ್ಚೆಂದರೆ ನಾಲ್ಕು ವಾರದ ಆಯಸ್ಸು. ನಿಮ್ಮದು ಎರಡೇ ವಾರಕ್ಕೆ ಮುಗಿದದ್ದಕ್ಕೆ ಕಾರಣ ನೀವೇ ಬರೆದಿದ್ದೀರಿ: ನೀರು ನೀರಾಗಿತ್ತು, ಮುಚ್ಚಳ ಬಿಗಿಯಾಗಿತ್ತು, ಹುಳು ಹೆಚ್ಚಲಿ ಎಂದು ಪ್ರತಿದಿನ ಯೀಸ್ಟ್ ಉದುರಿಸಿದ್ದೀರಿ. ಹುಳು ಸಾಕುವವರ ಡಬ್ಬಿಗಳು ಹಸಿವಿನಿಂದ ಸಾಯುವುದು ಅಪರೂಪ, ಔದಾರ್ಯದಿಂದ ಸಾಯುವುದೇ ಹೆಚ್ಚು.

ಹೊಸದಾಗಿ ಹೀಗೆ ಮಾಡಿ. ಓಟ್ಸ್ ಅನ್ನು ನೀರಿನಲ್ಲಿ ಬೇಯಿಸಿ, ಚಮಚ ನಿಲ್ಲಿಸಿದರೆ ಬೀಳದಷ್ಟು ಗಟ್ಟಿಯಾಗಿರಲಿ. ಪೂರ್ತಿ ಆರಿದ ಮೇಲೆ ಚಪ್ಪಟೆ ತಳದ ಡಬ್ಬಿಯಲ್ಲಿ ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಗೋಡೆಗೆ ಅಂಟಿದ್ದನ್ನು ಒರೆಸಿಬಿಡಿ, ಇದು ಮುಖ್ಯ. ಮೇಲೆ ಒಂದೇ ಒಂದು ಚಿಟಿಕೆ ಒಣ ಯೀಸ್ಟ್, ಹಳೆಯ ಡಬ್ಬಿಯಿಂದ ಒಂದು ಚಮಚ ಹೆಪ್ಪು. ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಸ್ಪಂಜಿನ ಚೂರು ತುರುಕಿ, ಗಾಳಿಯಾಡುತ್ತದೆ, ನೊಣ ಬರುವುದಿಲ್ಲ. ಹುಳು ಮೂರು ನಾಲ್ಕು ದಿನಕ್ಕೇ ಬಲಿತು ಮರಿ ಹಾಕುತ್ತದೆ, ಮೊಟ್ಟೆಯಲ್ಲ, ಜೀವಂತ ಮರಿಗಳನ್ನೇ. ವಾರದೊಳಗೆ ಡಬ್ಬಿಯ ಗೋಡೆ ಮಂಜು ಹಿಡಿದಂತೆ ಕಾಣತೊಡಗುತ್ತದೆ. ಹತ್ತಿರದಿಂದ ನೋಡಿ: ಆ ಮಂಜು ಕವಲೊಡೆಯುತ್ತಾ ಮೇಲಕ್ಕೆ ತೆವಳುತ್ತಿರುತ್ತದೆ. ಬೆರಳ ತುದಿಯಿಂದ ಗೋಡೆಯನ್ನಷ್ಟೇ ಒರೆಸಿ ಲೋಟದ ನೀರಿನಲ್ಲಿ ಅದ್ದಿ. ಹುಳುಗಳು ತಳಕ್ಕಿಳಿದ ಮೇಲೆ ಮೇಲಿನ ಕಲಕು ನೀರು ಚೆಲ್ಲಿ, ಉಳಿದದ್ದನ್ನು ಡ್ರಾಪರ್‌ನಲ್ಲಿ ಹಾಕಿ. ಗೋಡೆ ಸ್ವಚ್ಛವಿರಬೇಕು ಎಂದದ್ದು ಇದಕ್ಕೇ. ಇಲ್ಲದಿದ್ದರೆ ಹುಳುವಿನ ಜೊತೆ ಓಟ್ಸ್ ಕೂಡ ತೊಟ್ಟಿಗೆ ಹೋಗುತ್ತದೆ.

ಹುಳಿ ವಾಸನೆ ಬರುವುದು ಸಹಜ, ಹೆದರಬೇಡಿ. ಕೊಳೆತ ನಾತ, ಮೇಲೆ ಕಂದು ನೀರು, ಗೋಡೆ ಏರುವ ಹುಳು ಕಡಿಮೆಯಾಗುವುದು, ಇವು ಕೊನೆಯ ಲಕ್ಷಣಗಳು. ಅಲ್ಲಿಯವರೆಗೆ ಕಾಯಬೇಡಿ. ಎರಡು ವಾರಕ್ಕೊಮ್ಮೆ, ಹಳೆಯದು ಚೆನ್ನಾಗಿರುವಾಗಲೇ, ಹೊಸ ಡಬ್ಬಿಗೆ ಹೆಪ್ಪು ಹಾಕಿ. ಯಾವಾಗಲೂ ಎರಡು ಡಬ್ಬಿ ಇರಲಿ, ಬೇರೆ ಬೇರೆ ಜಾಗದಲ್ಲಿ. ಇರುವೆ ಕಾಟವಿದ್ದರೆ ನೀರು ತುಂಬಿದ ತಟ್ಟೆಯಲ್ಲಿ ಡಬ್ಬಿಯನ್ನು ಎತ್ತರಿಸಿ ಇಡಿ. ಮನೆಯವರು ಈ ಹುಳು ನಮ್ಮ ಹೊಟ್ಟೆ ಸೇರಿದರೆ ಎಂದು ಅಂಜುತ್ತಾರೆ ಎಂದಿರಿ. ಇವು ಪರೋಪಜೀವಿಗಳಲ್ಲ, ಸ್ವತಂತ್ರವಾಗಿ ಬದುಕುವ ಜಾತಿಗಳು. ಮೀನಿನ ಕೆಲಸ ಯಾವುದಾದರೂ ಸರಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದರೆ ಸಾಕು.

ಗ್ರಿಂಡಾಲ್ ವಿಷಯಕ್ಕೆ ಬರುತ್ತೇನೆ. ಇದು ಮೀನಿಗೆಂದು ಸಾಕುವ ಬಿಳಿಹುಳು (ವೈಟ್‌ವರ್ಮ್) ಎಂಬುದರ ಚಿಕ್ಕ ಬಳಗ, ಸುಮಾರು ಒಂದು ಸೆಂಟಿಮೀಟರ್ ಉದ್ದ. ಸ್ವೀಡನ್ನಿನ ಗ್ರಿಂಡಾಲ್ ಎಂಬ ಹವ್ಯಾಸಿ ಮಹಿಳೆಯ ಹೆಸರು ಇದಕ್ಕೆ ಉಳಿದಿದೆ. ದೊಡ್ಡ ಬಿಳಿಹುಳುವಿಗೆ ಇಪ್ಪತ್ತು ಡಿಗ್ರಿಗಿಂತ ಕೆಳಗಿನ ತಂಪು ಬೇಕು, ಇದು ಇಪ್ಪತ್ತರಿಂದ ಇಪ್ಪತ್ತೇಳರ ನಡುವೆ ಸುಖವಾಗಿರುತ್ತದೆ. ಬಿಳಿಹುಳುವಿಗಾಗಿ ಪೆಟ್ಟಿಗೆ ತಂಪು ಮಾಡುತ್ತಾ ಒದ್ದಾಡುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಮನೆ ಬೆಚ್ಚಗಿದ್ದರೆ ಗ್ರಿಂಡಾಲ್ ಸಾಕಿ, ಮುಗಿಯಿತು.

ಜಿಗಿಯುವುದು ಬಹುಮಟ್ಟಿಗೆ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿ. ಉದ್ದನೆಯ ಬಿಳಿ ಚುಕ್ಕೆ, ಉಫ್ ಎಂದು ಊದಿದರೆ ಹಾರುತ್ತದೆ. ಅದು ನಿರಪಾಯಕಾರಿ, ಬೂಷ್ಟು ತಿನ್ನುತ್ತದೆ, ನೀರಿಗೆ ಬಿದ್ದರೆ ಮೀನೂ ತಿನ್ನುತ್ತದೆ. ಚಿಂತೆ ಮಾಡಬೇಕಾದದ್ದು ಜಿಗಿಯದೇ ಇರುವುದಕ್ಕೆ: ದುಂಡಗಿನ, ನಿಧಾನವಾಗಿ ನಡೆಯುವ, ಆಹಾರದ ಮೇಲೆ ಧೂಳು ಬಿದ್ದಂತೆ ಗುಂಪುಗೂಡುವ ನುಸಿ. ಅದು ಹುಳುವಿನ ಪಾಲನ್ನು ತಿಂದು ಡಬ್ಬಿಯನ್ನೇ ಆಕ್ರಮಿಸುತ್ತದೆ. ಅದು ಬಂದಿದ್ದರೆ ಡಬ್ಬಿಗೆ ನೀರು ತುಂಬಿಸಿ. ನುಸಿ ತೇಲುತ್ತದೆ, ಹುಳು ಮುಳುಗುತ್ತದೆ. ಮೇಲಿನ ನೀರನ್ನು ಚೆಲ್ಲಿ, ಇದನ್ನೇ ಕೆಲವು ಸಲ ಮಾಡಿ, ಕೆಳಗುಳಿದ ಹುಳುಗಳನ್ನು ಹೊಸ ಡಬ್ಬಿಗೆ ಸಾಗಿಸಿ.

ಹೊಸ ಡಬ್ಬಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸುವಿರಾದರೆ ಉಪ್ಪಿನಂಶ ಹೋಗುವಂತೆ ಚೆನ್ನಾಗಿ ತೊಳೆದು, ಒಮ್ಮೆ ಕುದಿಸಿ ಆರಿಸಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ನನಗೆ ಅದಕ್ಕಿಂತ ಇಷ್ಟ, ಪಾತ್ರೆ ಉಜ್ಜುವ ಹಸಿರು ಪ್ಯಾಡ್‌ಗಳದ್ದು: ಹೊಸದನ್ನು ತೊಳೆದು, ಎರಡು ಮೂರನ್ನು ಒಂದರ ಮೇಲೊಂದು ಇಟ್ಟು, ತಳದಲ್ಲಿ ತೆಳುವಾಗಿ ನೀರು. ಮಣ್ಣಿಲ್ಲದ್ದರಿಂದ ನುಸಿಗೆ ಅಡಗುತಾಣ ಕಡಿಮೆ, ಕೊಳಕಾದರೆ ನೀರಿನಲ್ಲಿ ಜಾಲಾಡಿಸಿದರಾಯಿತು. ಆದರೆ ಸೋಪು ಅಥವಾ ಬ್ಯಾಕ್ಟೀರಿಯಾನಾಶಕ ಸೇರಿಸಿದ ಪ್ಯಾಡ್ ಬೇಡ.

ಆಹಾರವಾಗಿ ಪುಡಿ ಮಾಡಿದ ಬೆಕ್ಕಿನ ಆಹಾರ ಅಥವಾ ಮೀನಿನ ಆಹಾರವನ್ನು ಒಂದೇ ಜಾಗದಲ್ಲಿ ಇಡಿ, ಮರುದಿನಕ್ಕೆ ಉಳಿಯದಷ್ಟು ಮಾತ್ರ. ಅದರ ಮೇಲೆ ಒಂದು ಗಾಜಿನ ಚೂರು ಮುಚ್ಚಿ. ಮಾರನೆಯ ದಿನ ಗಾಜು ಎತ್ತಿದರೆ ಅಡಿಗೆ ಬಿಳಿ ಹುಳುಗಳ ಗಂಟು ಅಂಟಿಕೊಂಡಿರುತ್ತದೆ; ಲೋಟದ ನೀರಿನಲ್ಲಿ ಅದ್ದಿದರೆ ಉದುರುತ್ತದೆ. ಇದರಲ್ಲಿ ಕೊಬ್ಬು ಹೆಚ್ಚು. ದೊಡ್ಡ ಮೀನುಗಳಿಗೆ ವಾರಕ್ಕೆ ಎರಡು ಮೂರು ಸಲ ಸಾಕು, ಮೊಟ್ಟೆಗೆ ಸಿದ್ಧವಾಗುವ ಜೋಡಿಗೆ ಸ್ವಲ್ಪ ಹೆಚ್ಚು ಕೊಡಬಹುದು. ಈಗಿನ ಮರಿಗಳಿಗೆ ಇನ್ನೂ ಇದು ದೊಡ್ಡದು.

ಟ್ಯೂಬಿಫೆಕ್ಸ್ ಥರದ್ದೇ ಬೇಕೆಂಬ ಆಸೆ ಹೋಗದಿದ್ದರೆ ಬ್ಲ್ಯಾಕ್‌ವರ್ಮ್ ಸಾಕಿ. ತುಂಡಾಗಿ ತುಂಡಾಗಿ ಹೆಚ್ಚುವ ಹುಳು ಅದು, ಪ್ರತಿ ತುಂಡಿಗೂ ಹೊಸ ತಲೆ, ಹೊಸ ಬಾಲ ಬೆಳೆಯುತ್ತದೆ. ಅಗಲವಾದ ತಟ್ಟೆ, ಜಲ್ಲಿಕಲ್ಲು, ಕಡಿಮೆ ನೀರು, ಗಾಳಿಯ ಗುಳ್ಳೆ, ಮುಳುಗುವ ಆಹಾರದ ಒಂದೆರಡು ಕಾಳು. ಮುಟ್ಟಿದಾಗ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡರೆ ನಿಮಗೆ ಕೊಟ್ಟದ್ದು ಟ್ಯೂಬಿಫೆಕ್ಸ್, ಬ್ಲ್ಯಾಕ್‌ವರ್ಮ್ ಅಲ್ಲ.

ಇವತ್ತು ರಾತ್ರಿಯ ಮಾತು. ಮೇಲೆ ಹೇಳಿದ ಯಾವುದೂ ನಾಳೆಗೆ ಸಿದ್ಧವಾಗುವುದಿಲ್ಲ, ಮರಿಗಳು ಕಾಯುವುದಿಲ್ಲ. ಹಳೆಯ ತೊಟ್ಟಿಯ ಸ್ಪಂಜು ಫಿಲ್ಟರ್ ಇದ್ದರೆ ಅದೇ ತೊಟ್ಟಿಯ ನೀರಿನಲ್ಲಿ ಮೆಲ್ಲಗೆ ಹಿಂಡಿ, ಆ ನೀರನ್ನು ಕೆಲವು ಹನಿ ಮರಿಗಳಿಗೆ ಕೊಡಿ. ಪಾಚಿಯ ಗೊಂಚಲನ್ನೂ ಹಾಗೆಯೇ ಹಿಂಡಬಹುದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದರಲ್ಲಿರುತ್ತವೆ, ಎರಡು ಮೂರು ದಿನ ತಳ್ಳಲು ಅದು ನೆರವಾಗುತ್ತದೆ. ಅಷ್ಟರಲ್ಲಿ ಹುಳು ಸಾಕುವ ಯಾರಿಂದಲಾದರೂ ವಿನೆಗರ್ ಈಲ್ ತುಂಬಿದ ಹಳೆಯ ಬಾಟಲಿಯನ್ನೇ ಕೇಳಿ ಪಡೆಯಿರಿ. ಮತ್ತೆ ಆ ಜಿಗಿಯುವ ಹುಳದ ಒಂದು ಹತ್ತಿರದ ಚಿತ್ರ ಹಾಕಿ, ಜೊತೆಗೆ ಆಹಾರದ ಮೇಲಿನ ಧೂಳಿನದ್ದೂ ಒಂದು. ನುಸಿಯೋ ಅಲ್ಲವೋ ನೋಡಿ ಹೇಳುತ್ತೇನೆ.